ಹುಲಿ ಎಲ್ಲಿಂದ ಹಾರಿತು?

ನಮ್ಮ ಮನೆತನದಲ್ಲಿ ಆಸ್ತಿಗಾಗಿ ಜಗಳವಾದದ್ದಿಲ್ಲ, ಆಸ್ತಿಯೇ ಇಲ್ಲ. ಅಣ್ಣ ತಮ್ಮಂದಿರು ಒಂದೇ ಹಂಡೆಯ ನೀರು ಕಾಯಿಸಿಕೊಂಡು ಚೆನ್ನಾಗಿಯೇ ಇದ್ದೆವು. ಹಾಗಿದ್ದೂ 2020ರ ಸಂಕ್ರಾಂತಿಯ ಸಂಜೆ, ವಾಸ್ಕೋದ ನಮ್ಮ ಎರಡನೇ ಮಹಡಿಯ ಮನೆಯಲ್ಲಿ ನಾನೂ ನನ್ನ ತಮ್ಮನೂ ಮುಖ ತಿರುಗಿಸಿಕೊಂಡು ಕೂತೆವು. ಕಾರಣ ಒಂದು ಹಸು. ಅದೂ ಹಾಡಿನ ಹಸು.

ಗೋವಾದ ಸಂಕ್ರಾಂತಿಯೇ ಸ್ವಲ್ಪ ಕಲಸುಮೇಲೋಗರ. ನನ್ನ ಹೆಂಡತಿ ಮೈಸೂರಿನವಳು. ಕೊಬ್ಬರಿ, ಬೆಲ್ಲ ಹೆಚ್ಚಿ ಹೆಚ್ಚಿ ವಾರದಿಂದ ಅವಳ ಬೆರಳು ನೋಯುತ್ತಿತ್ತು. ತಮ್ಮ ಹುಬ್ಬಳ್ಳಿಯಿಂದ ಬರುವಾಗ ಕುಸುರೆಳ್ಳಿನ ಡಬ್ಬಿ ತಂದಿದ್ದ. ಪಕ್ಕದ ಮನೆಯಿಂದ ತಿಳ್‌ಗುಳ್ ಬಂದಿತ್ತು, ಮೇಲಿನ ಮನೆಯ ಗುಜರಾತಿ ಬೆನ್ ಚಿಕ್ಕಿಯ ತಟ್ಟೆ ಹಿಡಿದು ಅರಿಸಿನ ಕುಂಕುಮಕ್ಕೆ ಬಂದು ಕೂತಿದ್ದರು. ಎಲ್ಲರ ಬಾಯಲ್ಲೂ ಎಳ್ಳು, ಎಲ್ಲರ ಬಾಯಲ್ಲೂ ಒಳ್ಳೆಯ ಮಾತು. ಅಲ್ಲಿಯವರೆಗೆ.

ಮೇಜಿನ ಮೇಲೆ ಆ ವಾರದ ಪೇಪರುಗಳು ಬಿದ್ದಿದ್ದವು. ಸತ್ತರಿ ತಾಲೂಕಿನ ಮಹದಾಯಿ ಅಭಯಾರಣ್ಯದಲ್ಲಿ ಒಂದು ತಾಯಿ ಹುಲಿ ಮತ್ತು ಮೂರು ಮರಿಗಳು ಸತ್ತು ಸಿಕ್ಕಿದ್ದವು. ದನ ಹಿಡಿದ ಹುಲಿಗೆ ಅದೇ ದನದ ಹೆಣದಲ್ಲಿ ವಿಷವಿಟ್ಟರು ಎಂಬುದು ಪ್ರಕರಣ. ಏಳು ವರ್ಷದ ಮೊಮ್ಮಗಳು ಪುಟ್ಟಿ ಆ ಚಿತ್ರ ನೋಡಿದಳು. ಇವಳು ಓದುವುದು ಇಂಗ್ಲಿಷಿನಲ್ಲಿ, ಆಡುವುದು ಕೊಂಕಣಿಯಲ್ಲಿ, ಹಟ ಮಾಡುವುದು ಮಾತ್ರ ಕನ್ನಡದಲ್ಲಿ. “ಅಜ್ಜಾ, ಹುಲಿ ಹಸೂನ ತಿನ್ನಬಾರದಾ? ಮತ್ತೇನು ತಿನ್ನಬೇಕು?” ಎಂದಳು.

ಹಬ್ಬದ ದಿನ ಇದಕ್ಕೆ ಏನು ಉತ್ತರ ಕೊಡುವುದು? ಪೇಪರು ಮಡಚಿ ತೊಡೆಯ ಕೆಳಗಿಟ್ಟುಕೊಂಡು, “ಬಾ, ಒಂದು ಕತೆ ಹೇಳ್ತೀನಿ” ಎಂದೆ. ಕನ್ನಡದವನ ಕೈಗೆ ಹಸುವನ್ನೂ ಹುಲಿಯನ್ನೂ ಒಟ್ಟಿಗೆ ಕೊಟ್ಟರೆ ಅವನು ಇನ್ನಾವ ಕತೆ ಹೇಳಿಯಾನು? ಪುಣ್ಯಕೋಟಿಯದೇ.

“ಒಂದು ಬೆಳ್ಳನೆಯ ಹಸು ಇತ್ತಂತೆ…”

“ಬೆಳ್ಳಗ ಯಾರು ಹೇಳಿದ್ರು ಅಣ್ಣಾ? ಕೆಂದಾಕಳ ಅದು.” ತಮ್ಮ ಕುಸುರೆಳ್ಳು ಬಾಯಿಗೆ ಎಸೆದುಕೊಳ್ಳುತ್ತ ಹೇಳಿದ.

ಮೊದಲನೆಯ ವಾಕ್ಯವನ್ನೇ ದಾಟಲಿಲ್ಲ, ನೋಡಿ. ನಾನು ಶಾಲೆಯಲ್ಲಿ ಓದಿದ ಪುಸ್ತಕದ ಚಿತ್ರದಲ್ಲಿ ಪುಣ್ಯಕೋಟಿ ಅಚ್ಚ ಬಿಳುಪು. ಬಣ್ಣದ ಅಚ್ಚು ದುಬಾರಿಯಾಗಿದ್ದ ಕಾಲ. ಕಾಗದ ಬೆಳ್ಳಗಿತ್ತು, ಹಸುವೂ ಬೆಳ್ಳಗಿತ್ತು. ತಮ್ಮನ ಹಸು ಕೆಂಪಾಗಲು ಕಾರಣ ನನಗೆ ಗೊತ್ತು: ಊರಲ್ಲಿ ನಮ್ಮ ಮನೆಯಲ್ಲಿದ್ದದ್ದು ಕೆಂದ ಹಸು, ಅದರ ಕೊನೆಯ ಕರುವಿಗೂ ಇವನಿಗೂ ಒಂದೇ ವಯಸ್ಸು. ಪುಟ್ಟಿಗಂತೂ ಹಸು ಎಂದರೆ ಮಧ್ಯಾಹ್ನ ಬೀಚಿನ ಮರಳಿನಲ್ಲಿ, ಬಿಸಿಲು ಕಾಯಿಸುವ ಪರದೇಶಿಗಳ ಪಕ್ಕದಲ್ಲೇ ಕಾಲು ಮಡಚಿ ಮೆಲುಕು ಹಾಕುತ್ತ ಕೂರುವ ಪ್ರಾಣಿ. “ಪುಣ್ಯಕೋಟಿ ಬೀಚಿಗೆ ಹೋಗ್ತಿತ್ತಾ?” ಎಂದು ಕೇಳಿದಳು. ಬೆಟ್ಟಕ್ಕೆ ಹೋಗುತ್ತಿತ್ತು ಎಂದೆ. ಅವಳಿಗೆ ಸ್ವಲ್ಪ ನಿರಾಸೆಯಾಯಿತು.

ಗೊಲ್ಲನ ಹೆಸರು ಕಾಳಿಂಗ ಎಂದಾಗ, “ಅದು ಹಾವಲ್ವಾ?” ಎಂದಳು. ಅಲ್ಲ, ಇವನು ಮಾವಿನ ಮರದ ಕೆಳಗೆ ಕೊಳಲು ಊದುವವನು ಎಂದು ತಿದ್ದಿದೆ. ತಮ್ಮ ಆಲದ ಮರ ಎಂದ. ಇಲ್ಲಿ ಮಾತ್ರ ನಾನು ಸೋಲಲಿಲ್ಲ. ಹಾಡಿನಲ್ಲಿರುವುದು ಮಾವು, ಅದೂ ಎಳೆಯ ಮಾವು. ಪುಟ್ಟಿ ಒಡನೆಯೇ “ಮಾಂಕುರಾದಾ?” ಎಂದಳು. ಗೋವಾದ ಮಗುವಿಗೆ ಮಾವಿನ ಜಾತಿ ಹೇಳದೆ ಕತೆ ಮುಂದೆ ಹೋಗುವುದಿಲ್ಲ. ಹೌದು, ಮಾಂಕುರಾದೇ ಎಂದುಬಿಟ್ಟೆ. ತಪ್ಪು ನೆನಪುಗಳು ಹುಟ್ಟುವುದು ಹೀಗೆಯೇ. ಅರವತ್ತು ವರ್ಷದ ನಂತರ ಇವಳು ಯಾರ ಜೊತೆಗೋ ಪುಣ್ಯಕೋಟಿಯ ಮರ ಮಾಂಕುರಾದ್ ಎಂದು ಹೊಡೆದಾಡುವಾಗ ಆ ಪಾಪ ನನ್ನ ತಲೆಗೆ.

ಹುಲಿಯ ಹೆಸರಿನ ಹತ್ತಿರ ನನ್ನ ಹೆಂಡತಿ ಅಡುಗೆಮನೆಯಿಂದಲೇ ಕಣಕ್ಕಿಳಿದಳು. “ಅರ್ಬುತ” ಎಂದಳು. “ಅದ್ಭುತ ಅದು, ವೈನಿ” ಎಂದ ತಮ್ಮ. ಅಚ್ಚಾದ ಪಾಠದಲ್ಲಿರುವುದು ಅರ್ಬುತ. ಆದರೆ ಅರ್ಥ ತಿಳಿಯದ ಹೆಸರನ್ನು ಬಾಯಿ ಬಹಳ ದಿನ ಇಟ್ಟುಕೊಳ್ಳುವುದಿಲ್ಲ, ತನಗೆ ಗೊತ್ತಿರುವ ಇನ್ನೊಂದಕ್ಕೆ ಬದಲಾಯಿಸಿಕೊಳ್ಳುತ್ತದೆ. ಹೀಗಾಗಿ ಕರ್ನಾಟಕದ ಅರ್ಧಕ್ಕರ್ಧ ಮಕ್ಕಳ ಪಾಲಿಗೆ ಆ ಹುಲಿ ಅದ್ಭುತವೇ ಆಗಿದೆ. ಹೆಸರಿಟ್ಟ ಪುಣ್ಯಾತ್ಮ ಕೇಳಿಸಿಕೊಂಡರೆ ಬೇಸರಪಡಲಾರ.

ಹೆಂಡತಿಯ ನೆನಪಿನಲ್ಲಿ ಬೇರೆಯೇ ಒಂದು ಬೆರಕೆ ಇತ್ತು. ಕೊನೆಗೆ ಹಸುವನ್ನು ಯಾರೋ ಕೊಲ್ಲಿಸುತ್ತಾರೆ, ಒಬ್ಬ ಅಮೆರಿಕದ ಹೆಂಗಸು ಬರುತ್ತಾಳೆ ಎಂದಳು. ನನಗೆ ಗಾಬರಿಯಾಯಿತು. ಆಮೇಲೆ ಹೊಳೆಯಿತು: ಅವಳು ಹೇಳುತ್ತಿದ್ದದ್ದು ಭೈರಪ್ಪನವರ 1968ರ ಕಾದಂಬರಿ ‘ತಬ್ಬಲಿಯು ನೀನಾದೆ ಮಗನೆ’. ಅದರಲ್ಲೂ ಕಾಳಿಂಗ ಇದ್ದಾನೆ, ಪುಣ್ಯಕೋಟಿಯ ವಂಶದ ಹಸುವೂ ಇದೆ. ಕಾರ್ನಾಡರೂ ಕಾರಂತರೂ ಸೇರಿ 1977ರಲ್ಲಿ ಸಿನಿಮಾ ಮಾಡಿದ ಮೇಲೆ ಮೈಸೂರಿನ ಎಷ್ಟೋ ಮನೆಗಳಲ್ಲಿ ಹಾಡು, ಕಾದಂಬರಿ, ಸಿನಿಮಾ ಮೂರೂ ಒಂದೇ ಕೊಟ್ಟಿಗೆಗೆ ಬಂದು ಸೇರಿಕೊಂಡಿವೆ.

ನಿಜವಾದ ಯುದ್ಧ ಶುರುವಾದದ್ದು ಹುಲಿಯ ಸಾವಿನಲ್ಲಿ.

“ಗುಡ್ಡದ ಮ್ಯಾಲಿಂದ ಜಿಗದು ಸತ್ತತು. ಇದರಾಗ ವಾದ ಮಾಡೂದೇನೈತಿ?” ಎಂದ ತಮ್ಮ.

“ಗುಡ್ಡ ಎಲ್ಲಿತ್ತು ರೀ? ಮೇಲಕ್ಕೆ ನೆಗೀತು, ಕೆಳಕ್ಕೆ ಬಿತ್ತು, ಸತ್ತೋಯ್ತು” ಎಂದಳು ಹೆಂಡತಿ.

ನನ್ನ ನೆನಪಿನ ಹುಲಿ ಒಂದು ಬಂಡೆಗೆ ತಲೆ ಚಚ್ಚಿಕೊಂಡಿತ್ತು. ಆ ಬಂಡೆಯ ಆಕಾರ ಕೂಡ ನನಗೆ ಕಣ್ಣಿಗೆ ಕಟ್ಟಿದೆ, ಎಡಗಡೆ ಸ್ವಲ್ಪ ಪಾಚಿ. ಹೇಳಿದ ಕೂಡಲೇ ಇಬ್ಬರೂ ಒಟ್ಟಾಗಿ ನನ್ನ ಮೇಲೆ ಬಿದ್ದರು.

ಬೆನ್ ಇಷ್ಟು ಹೊತ್ತೂ ನಗುತ್ತ ಕೂತಿದ್ದವರು, ಹೆಂಡತಿ ಹಿಂದಿಯಲ್ಲಿ ವಿವರಿಸಿದ ಮೇಲೆ, “ಹುಲಿ ಯಾಕೆ? ಅದು ಸಿಂಹ. ಹಸುವಿನ ಹೆಸರು ಬಹುಲಾ. ಸಾಯುವುದೂ ಇಲ್ಲ” ಎಂದುಬಿಟ್ಟರು. ಗುಜರಾತಿನಲ್ಲಿ ಶ್ರಾವಣದ ಕೃಷ್ಣಪಕ್ಷದ ಚೌತಿಗೆ ಬೋಳ್ ಚೋಥ್ ಎಂಬ ವ್ರತವಿದೆ. ಅಂದು ಆಕಳು ಕರುವಿನ ಪೂಜೆ, ಗೋಧಿ ಮುಟ್ಟುವಂತಿಲ್ಲ. ಗೋಧಿ ಏನು ತಪ್ಪು ಮಾಡಿತು ಎಂದು ಕೇಳಿದೆ. ಅದಕ್ಕೆ ಇನ್ನೊಂದು ಕತೆ ಹೇಳಿದರು. ಒಂದು ಮನೆಯ ಕರುವಿನ ಹೆಸರು ಘಉಂಲೊ. ಗೋಧಿಗೆ ಅವರಲ್ಲಿ ಘಉಂ. ಅತ್ತೆ ಹೊರಗೆ ಹೊರಡುವಾಗ ಗೋಧಿ ಬೇಯಿಸಿಡು ಎಂದಳಂತೆ, ಪೆದ್ದು ಸೊಸೆ ಕರುವನ್ನೇ ಬೇಯಿಸಿಟ್ಟಳಂತೆ. ಪುಟ್ಟಿ ಬಾಯಿ ಮುಚ್ಚಿಕೊಂಡಳು. ದೇವರ ದಯೆಯಿಂದ ಕರು ಎದ್ದು ಬಂತು ಎಂದು ಬೆನ್ ಅವಸರವಾಗಿ ಸೇರಿಸಿದರು. ನಮ್ಮ ಹಾಡಿನ ಕರುವಿಗೆ ಹೆಸರೇ ಇಲ್ಲ. ಗಂಗೆ, ಗೌರಿ, ತುಂಗಭದ್ರೆ ಎಂದು ಮಂದೆಗೆಲ್ಲ ಹೆಸರಿಟ್ಟ ಹಾಡು ಆ ಕಂದನನ್ನು ಕರು ಎಂದೇ ಬಿಟ್ಟಿದೆ. ಎಷ್ಟು ಒಳ್ಳೆಯದಾಯಿತು ಎಂದು ಅಂದು ಅನ್ನಿಸಿತು.

ನಾನೂ ಸುಮ್ಮನಿರಲಾರದೆ ಪದ್ಮಪುರಾಣ ಎಳೆದು ತಂದೆ. ಅಲ್ಲಿ ಹಸು ನಂದಾ. ಹುಲಿ ನಿಜಕ್ಕೂ ಹುಲಿಯಲ್ಲ, ಪ್ರಭಂಜನನೆಂಬ ರಾಜ. ಮರಿಗೆ ಹಾಲೂಡಿಸುತ್ತಿದ್ದ ಜಿಂಕೆಗೆ ಬಾಣ ಬಿಟ್ಟು ಶಾಪ ತಗುಲಿಸಿಕೊಂಡವನು. ನಂದಾ ಎಂಬ ಹೆಸರು ಕಿವಿಗೆ ಬಿದ್ದದ್ದೇ ಶಾಪ ಕಳಚಿತು. ಹೇಳುತ್ತ ಹೇಳುತ್ತ ನನಗೇ ಹೊಳೆಯಿತು: ಎಲ್ಲ ಕಡೆಯೂ ಮೃಗದ ಒಳಗೆ ರಾಜನೋ ದೇವರೋ ಕೂತಿರುತ್ತಾನೆ, ಕೊನೆಗೆ ಹೊರಗೆ ಬಂದು ಆಶೀರ್ವಾದ ಮಾಡಿ ಹೋಗುತ್ತಾನೆ. ಕನ್ನಡದ ಹುಲಿಯೊಳಗೆ ಯಾರೂ ಇಲ್ಲ. ಬರಿಯ ಹುಲಿ. ಹಸುವನ್ನು ಅಕ್ಕ ಎಂದು ಕರೆದುಬಿಟ್ಟ ಮೇಲೆ ಅದಕ್ಕೆ ಬದುಕಲು ನಾಚಿಕೆಯಾಯಿತು.

“ಅದೆಲ್ಲಾ ಖರೆ ಅಣ್ಣಾ, ಆದರ ಗುಡ್ಡದ ಮ್ಯಾಲಿಂದನ ಜಿಗದದ್ದು” ಎಂದ ತಮ್ಮ. ಆಗಲೇ ನಾವು ಮುಖ ತಿರುಗಿಸಿಕೊಂಡದ್ದು.

ಹೆಂಡತಿ ಫೋನು ತಂದು ನನ್ನ ಕೈಗಿಟ್ಟಳು. “ನಿಮ್ಮಕ್ಕನ್ನೇ ಕೇಳಿ.” ಅಕ್ಕನಿಗೆ ಎಪ್ಪತ್ತೆಂಟು, ಹಾವೇರಿ ಕಡೆಯ ಹಳ್ಳಿಯಲ್ಲಿದ್ದಾಳೆ. ಅವ್ವ ರೊಟ್ಟಿ ತಟ್ಟುತ್ತ ಹೇಳುತ್ತಿದ್ದ ಹಾಡನ್ನು ಮೊದಲಿನಿಂದ ಕೊನೆಯವರೆಗೆ ಉಳಿಸಿಕೊಂಡಿರುವವಳು ಅವಳೊಬ್ಬಳೇ. ಸ್ಪೀಕರ್ ಹಾಕಿ ಮೇಜಿನ ಮೇಲಿಟ್ಟೆವು. “ಈಗ? ಹಬ್ಬದ ದಿನ ನಿಮಗ ಬ್ಯಾರೆ ಕೆಲಸಿಲ್ಲೇನು?” ಎಂದು ಬೈದು, ಕೆಮ್ಮಿ, ಹಾಡತೊಡಗಿದಳು.

ಧ್ವನಿ ಒಡೆದಿತ್ತು. ಆದರೆ ರೊಟ್ಟಿ ತಟ್ಟುವ ಲಯ ಹಾಗೆಯೇ ಇತ್ತು. ತಮ್ಮ ತನಗೆ ಗೊತ್ತಿಲ್ಲದಂತೆ ತೊಡೆ ತಟ್ಟುತ್ತಿದ್ದ. ನನ್ನ ಕರುವನ್ನು ಹಾಯಬೇಡಿ, ಒದೆಯಬೇಡಿ ಎಂದು ಪುಣ್ಯಕೋಟಿ ಮಂದೆಯ ಅಕ್ಕತಂಗಿಯರನ್ನು ಬೇಡಿಕೊಳ್ಳುವ ಕಡೆ ಬಂದಾಗ, ಒಂದಕ್ಷರ ಕನ್ನಡ ತಿಳಿಯದ ಬೆನ್ ಸೆರಗಿನಿಂದ ಮೂಗು ಒರೆಸಿಕೊಂಡರು. ನಡುವೆ ಒಂದು ಕಡೆ ಅಕ್ಕ ನಿಂತಳು. “ಇಲ್ಲೊಂದಿಷ್ಟು ಐತಿ, ನೆನಪಾಗವಲ್ದು” ಎಂದು ಹಾರಿಸಿ ಮುಂದೆ ಹೋದಳು. ಕೊಟ್ಟ ಮಾತಿಗೆ ತಪ್ಪದ ಹಸುವಿನ ಹಾಡು. ಅದರ ಮಾತುಗಳನ್ನೇ ನಾವು ಯಾರೂ ಪೂರ್ತಿ ಉಳಿಸಿಕೊಂಡಿರಲಿಲ್ಲ, ಅಕ್ಕ ಕೂಡ.

ಹುಲಿಯ ಹತ್ತಿರ ಬಂದಾಗ ಮೂವರೂ ಫೋನಿನ ಮೇಲೆ ಬಗ್ಗಿದೆವು. ಹಾರಿತು, ನೆಗೆಯಿತು, ಪ್ರಾಣ ಬಿಟ್ಟಿತು. ಅಷ್ಟೇ. ಎಲ್ಲಿಂದ ಹಾರಿತು, ಎಲ್ಲಿಗೆ ಬಿತ್ತು ಎಂಬ ಸ್ಥಳ ಮಹಜರು ಇಲ್ಲ. ಗುಡ್ಡವೂ ಇಲ್ಲ, ನನ್ನ ಪಾಚಿಗಟ್ಟಿದ ಬಂಡೆಯೂ ಇಲ್ಲ. ತಮ್ಮ ನನ್ನನ್ನು ನೋಡಿದ, ನಾನು ಅವನನ್ನು ನೋಡಿದೆ. ಇಬ್ಬರೂ ಕುಸುರೆಳ್ಳಿನ ಡಬ್ಬಿಗೆ ಒಟ್ಟಿಗೆ ಕೈ ಹಾಕಿದೆವು.

ಅಕ್ಕ ಅಲ್ಲಿಗೆ ನಿಲ್ಲಿಸಲಿಲ್ಲ. ಹುಲಿ ಸತ್ತ ಮೇಲೂ ಹಾಡಿದೆ ಎಂಬುದನ್ನು ನಾವೆಲ್ಲ ಮರೆತೇಬಿಟ್ಟಿದ್ದೆವು. ಪುಣ್ಯಕೋಟಿ ಗೊಲ್ಲನನ್ನು ಕರೆದು, ನನ್ನ ವಂಶದ ಹಸುಗಳೂ ನಿನ್ನ ವಂಶದ ಗೊಲ್ಲರೂ ಪ್ರತಿ ಸಂಕ್ರಾಂತಿಗೆ ಕೃಷ್ಣನನ್ನು ಭಜಿಸಬೇಕು ಎನ್ನುತ್ತದೆ. ಸಂಕ್ರಾಂತಿಗೆ! ತಟ್ಟೆಯಲ್ಲಿ ಮೂರು ರಾಜ್ಯದ ಎಳ್ಳು ಇಟ್ಟುಕೊಂಡು, ಒಂದೂವರೆ ಗಂಟೆಯಿಂದ ಹಸುವಿನ ಬಣ್ಣಕ್ಕೆ ಕಚ್ಚಾಡಿದವರಲ್ಲಿ ಒಬ್ಬರಿಗೂ ಇದು ನೆನಪಿರಲಿಲ್ಲ. “ಇದು ನೀ ಸೇರಿಸಿದ್ದು, ಅಕ್ಕಾ” ಎಂದ ತಮ್ಮ. “ನಿಮ್ಮವ್ವನ್ನ ಕೇಳು ಹೋಗು” ಎಂದಳು ಅಕ್ಕ. ಅವ್ವ ಹೋಗಿ ಇಪ್ಪತ್ತು ವರ್ಷವಾಗಿದೆ.

ಈ ಗಲಾಟೆಯಲ್ಲಿ ಪುಟ್ಟಿ ನನ್ನ ತೊಡೆಯ ಕೆಳಗಿನ ಪೇಪರನ್ನು ಮೆಲ್ಲಗೆ ಎಳೆದುಕೊಂಡಿದ್ದಳು. ಅದಾಗಿ ಮೂರೂವರೆ ವರ್ಷಕ್ಕೆ, 2023ರ ಜುಲೈಯಲ್ಲಿ, ಬಾಂಬೆ ಹೈಕೋರ್ಟಿನ ಗೋವಾ ಪೀಠ ಆ ಕಾಡನ್ನು ಹುಲಿ ಸಂರಕ್ಷಿತ ಪ್ರದೇಶವೆಂದು ಮೂರು ತಿಂಗಳಲ್ಲಿ ಘೋಷಿಸಿ ಎಂದಿತು; ಸರ್ಕಾರ ಸುಪ್ರೀಂ ಕೋರ್ಟಿಗೆ ಹೋಯಿತು. ಪುಣ್ಯಕೋಟಿ ಕೇಳಿದ್ದ ವಾಯಿದೆ ಕರುವಿಗೆ ಒಂದು ಸಲ ಹಾಲೂಡಿಸುವಷ್ಟು ಹೊತ್ತು ಮಾತ್ರ. ಅಂದು ಇದೆಲ್ಲ ಮುಂದಿನ ಮಾತು. ಪುಟ್ಟಿ ಚಿತ್ರವನ್ನು ಇನ್ನೊಮ್ಮೆ ನೋಡಿ, ಪೇಪರನ್ನು ಮಗುಚಿ ಹಾಕಿ, ಫೋನಿನ ಹತ್ತಿರ ಬಾಯಿ ತಂದಳು.

“ದೊಡ್ಡಜ್ಜೀ, ಹುಲಿ ಎಲ್ಲಿಂದ ಹಾರ್ತು ಅಂತ ನಂಗೊತ್ತು. ದೂಧ್‌ಸಾಗರದಿಂದ. ಸಣ್ಣಜ್ಜ ಟ್ರೇನಲ್ಲಿ ಬರುವಾಗ ನೋಡಿದ್ರಲ್ಲ, ಅಲ್ಲಿಂದ. ಅದು ಪೂರಾ ಹಾಲು. ಹುಲಿ ಸತ್ತಿಲ್ಲ, ಹೊಟ್ಟೆ ತುಂಬ ಕುಡೀತು.”

ತಮ್ಮ ಸುಮ್ಮನಿರಬೇಕಲ್ಲ. “ಜನವರಿಯಾಗ ಅಲ್ಲಿ ನೀರ ಕಡಿಮಿ ಇರ್ತದವ್ವಾ” ಎಂದ.

“ಹುಲಿ ಒಂದಕ್ಕೆ ಸಾಕಾಗ್ತೈತಿ ಬಿಡೋ” ಎಂದಳು ಅಕ್ಕ, ಫೋನು ಇಡುತ್ತ.