ಒಂದೇ ದಿನದಲ್ಲಿ ಹೊಯ್ಸಳರನ್ನು ಮುಗಿಸಿದವರಿಗೆ

ಬೆಳಗ್ಗೆ ಬೆಂಗಳೂರು ಬಿಟ್ಟು, ಬೇಲೂರು-ಹಳೇಬೀಡು ಮುಗಿಸಿ, ಸಂಜೆ ಶ್ರವಣಬೆಳಗೊಳದ ಬೆಟ್ಟವನ್ನೂ ಹತ್ತಿಳಿದು, ರಾತ್ರಿ ಊಟಕ್ಕೆ ಮನೆ ಸೇರಿದ ಕುತೂಹಲಿ ಪ್ರವಾಸಿಗರಿಗೆ ಅರಸೀಕೆರೆಯವನೊಬ್ಬ ಮಾಡುವ ಸಾಷ್ಟಾಂಗ ನಮಸ್ಕಾರಗಳು.

ನಿಮ್ಮ ವೇಗಕ್ಕೆ ಬೆರಗಾಗಿದ್ದೇನೆ. 1117ರಲ್ಲಿ ವಿಷ್ಣುವರ್ಧನ ಪ್ರತಿಷ್ಠೆ ಮಾಡಿಸಿದ ಬೇಲೂರಿನ ಚೆನ್ನಕೇಶವನಿಗೆ ನೀವು ಕೊಟ್ಟದ್ದು ಮುಕ್ಕಾಲು ಗಂಟೆ. ಅದರಲ್ಲಿ ಕಾದ ಹಾಸುಗಲ್ಲಿನ ಮೇಲೆ ಬರಿಗಾಲಲ್ಲಿ ಕುಣಿದದ್ದೇ ಹತ್ತು ನಿಮಿಷ. ಮದನಿಕೆಯರಿಗಿಂತ ನಿಮ್ಮ ಭಂಗಿಯೇ ಚೆನ್ನಾಗಿತ್ತು. ದರ್ಪಣಸುಂದರಿಗೆ ಬೆನ್ನು ಹಾಕಿ ನಿಂತು ಫೋನಿನಲ್ಲಿ ಮುಖ ನೋಡಿಕೊಂಡಿರಿ. ಅವಳೇನೂ ಬೇಜಾರು ಮಾಡಿಕೊಂಡಿಲ್ಲ. ಒಂಬೈನೂರು ವರ್ಷದಿಂದ ಅವಳ ಕೆಲಸವೂ ಅದೇ ತಾನೆ!

ಗೈಡು ಜಕಣಾಚಾರಿಯ ಕಥೆ ಹೇಳಿದ, ಕಲ್ಲೊಳಗಿಂದ ಕಪ್ಪೆ ಹಾರಿತು, ನೀವು ತಲೆದೂಗಿದಿರಿ. ಅಲ್ಲೇ ತಲೆ ಎತ್ತಿದ್ದರೆ, ಬಳ್ಳಿಗಾವಿಯಿಂದ ಬಂದ ದಾಸೋಜ, ಅವನ ಮಗ ಚಾವಣ ತಾವು ಕಡೆದ ಮದನಿಕೆಯರ ಪೀಠದಲ್ಲಿ ಹೆಸರು ಕೆತ್ತಿಟ್ಟದ್ದು ಕಾಣುತ್ತಿತ್ತು. ಕೆಲಸ ಮಾಡಿ ಹೆಸರು ಬರೆಯುವುದು ಅವರ ಕಾಲದ ಪದ್ಧತಿ. ಕೆಲಸದ ಗೋಜಿಲ್ಲದೆ, ಬೈಕಿನ ಕೀಲಿಯಿಂದ ಗೋಡೆಗೆ ಹೆಸರು ಗೀಚಿ ಪಕ್ಕದಲ್ಲೊಂದು ಹೃದಯ ಬಿಡಿಸುವುದು ನಮ್ಮ ಕಾಲದ ಸುಧಾರಣೆ.

ಹಳೇಬೀಡಿನಲ್ಲಿ "ಗೋಪುರ ಎಲ್ರೀ?" ಎಂದಿರಿ. ಇಲ್ಲ ಎಂದದ್ದಕ್ಕೆ ಪ್ಯಾಕೇಜಿನ ದುಡ್ಡು ವಾಪಸ್ ಕೇಳುವವರ ಹಾಗೆ ಮುಖ ಮಾಡಿದಿರಿ. 1311ರಲ್ಲಿ, ಆಗ ದೋರಸಮುದ್ರವೆನಿಸಿದ್ದ ಇದೇ ಊರಿನ ಮೇಲೆ ದಂಡೆತ್ತಿ ಬಂದ ಮಲಿಕ್ ಕಾಫೂರ್ ಕೂಡ ಇಲ್ಲಿ ನಿಮಗಿಂತ ಹೆಚ್ಚು ಹೊತ್ತು ಇದ್ದ. ಕೂಗಳತೆಯಲ್ಲೇ ಜೈನ ಬಸದಿಗಳಿದ್ದವು. ಪಾರ್ಶ್ವನಾಥ ಬಸದಿಯ ಕಂಬಗಳಿಗೆ ಎಂಥ ನುಣುಪೆಂದರೆ ಎದುರು ನಿಂತವರ ಮುಖ ಕಾಣುತ್ತದೆ. ಸೆಲ್ಫಿಗೆಂದೇ ಹುಟ್ಟಿದ ಜಾಗ! ಡ್ರೈವರು "ಊಟಕ್ಕೆ ಹೊತ್ತಾಯ್ತು ಸಾರ್" ಅಂದುಬಿಟ್ಟ, ಪಾಪ.

ಇನ್ನು ನಮ್ಮೂರು. ನನ್ನ ಸಂಕಟವೆಲ್ಲ ಇಲ್ಲೇ ಇರುವುದು. ನಿಮಗೆ ಅರಸೀಕೆರೆ ಎಂದರೆ ಜಂಕ್ಷನ್. ಬೆಂಗಳೂರು, ಹುಬ್ಬಳ್ಳಿ, ಮೈಸೂರು ಕಡೆಗೆ ಹಳಿ ಕವಲೊಡೆಯುವ ಜಾಗ. ರೈಲು ನಿಂತಾಗ ವಡೆ, ಕಾಫಿ. ಹೆಸರಿನಲ್ಲೇ ಒಬ್ಬ ಅರಸಿಯೂ ಒಂದು ಕೆರೆಯೂ ಇರುವುದು ಕಿಟಕಿಗೆ ಕಾಣುವುದಿಲ್ಲ. ಊರೊಳಗೆ 1220ರ ಶಿವಾಲಯವಿದೆ, ಅದರ ಮುಂದೆ ನಕ್ಷತ್ರಾಕಾರದ ತೆರೆದ ಮಂಟಪವಿದೆ. ಮಟಮಟ ಮಧ್ಯಾಹ್ನ ಅಲ್ಲಿ ಕೂತು ನೋಡಿ, ಚಾವಣಿಯಿಂದ ಕಣ್ಣು ಕೀಳಲಾಗುವುದಿಲ್ಲ. ನಮ್ಮ ತಾಲ್ಲೂಕಿನದೇ ಜಾವಗಲ್ಲಿನಲ್ಲಿ ಹೊಯ್ಸಳರ ಲಕ್ಷ್ಮೀನರಸಿಂಹನಿದ್ದಾನೆ. ನಿಮಗೆ ಆ ಊರಿನ ಹೆಸರು ಗೊತ್ತಿರುವುದು ಬೌಲಿಂಗ್ ಮಾಡಿದ ಶ್ರೀನಾಥ್ ಒಬ್ಬರಿಂದಲೇ.

2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರ ಯುನೆಸ್ಕೊ ಪಟ್ಟಿಗೆ ಸೇರಿದಾಗ ಕೊಬ್ಬರಿ ಮಂಡಿಯಲ್ಲಿ ನಾವೂ ಖುಷಿಪಟ್ಟೆವು. ಓರಗಿತ್ತಿಯ ಮಗನಿಗೆ ರ‍್ಯಾಂಕ್ ಬಂದಾಗ ಪಡುವಂಥ ಖುಷಿ.

ಆದ್ದರಿಂದ ಒಂದು ಬಿನ್ನಹ. ಮುಂದಿನ ಸಲ ನಮ್ಮ ಜಂಕ್ಷನ್ನಿನಲ್ಲಿ ದಯವಿಟ್ಟು ರೈಲು ತಪ್ಪಿಸಿಕೊಳ್ಳಿ. ಶಿವಾಲಯ ಎಲ್ಲಿ ಅಂತ ಯಾರನ್ನಾದರೂ ಕೇಳಿ. ದಾರಿ ತೋರಿಸುವ ಮೊದಲು ಅವರು ನಿಮ್ಮ ಊರು ಯಾವುದು, ಯಾರ ಪೈಕಿ, ಕಾಫಿ ಆಯಿತೇ ಎಂದೆಲ್ಲ ವಿಚಾರಿಸುತ್ತಾರೆ. ಅದಕ್ಕೂ ಹೊತ್ತು ಇಟ್ಟುಕೊಂಡು ಬನ್ನಿ.

ಇತಿ,
ಪಟ್ಟಿಯಲ್ಲಿಲ್ಲದ ಊರಿನವ