ಮಂಡಿಚಿಪ್ಪು ಮತ್ತು ಬ್ಲೌಸಿನ ಟೇಪು

ಬನ್ನಿ ಅಕ್ಕಾ, ಕರಿಬೇವು ತಾನೆ? ಕಾಂಪೌಂಡ್ ಹತ್ರಾನೇ ನಿಂತಿರಿ, ಕಿತ್ಕೊಡ್ತೀನಿ. ನಿಮ್ಮ ತಂಗಿ ಮಗಳಿಗೆ ಮಂಡಿಚಿಪ್ಪು ಮತ್ತೆ ಜಾರಿತಂತೆ? ಕೇಳಿದಾಗಿಂದ ನನಗೆ ಸಮಾಧಾನವಿಲ್ಲ.

ನಮ್ಮ ಹುಡುಗಿಗೆ ಮೊದಲು ಜಾರಿದ್ದು ಖೋಖೋ ಆಡುವಾಗ. ಪಾದ ನೆಲದಲ್ಲಿ ಊರಿತ್ತು, ಮೈ ತಿರುಗಿತು, ಚಿಪ್ಪು ಹೊರಮಗ್ಗುಲಿಗೆ ಸರಿದು ಉಬ್ಬಿ ನಿಂತಿತು. ಕಾಲು ನೀಡಿಸಿದ ಕೂಡಲೇ ತಾನಾಗಿ ಒಳಗೆ ಬಂತು. ಬಂತಲ್ಲ ಅಂತ ನಾವೂ ಸುಮ್ಮನಾದ್ವಿ. ಡಾಕ್ಟರು ಕೊಟ್ಟಿದ್ದ ವ್ಯಾಯಾಮದ ಚೀಟಿ ಕ್ಯಾಲೆಂಡರ್ ಹಿಂದೆ ಸೇರಿಕೊಂಡಿತು. ಆ ತಪ್ಪು ನನ್ನದೇ. ಆಮೇಲೆ ಬಸ್ ಇಳಿಯುವಾಗ ಜಾರಿತು, ಕೊನೆಕೊನೆಗೆ ಹಾಸಿಗೆಯಲ್ಲಿ ಮಗ್ಗುಲಾದರೂ ಜಾರೋದು. ಮೆಟ್ಟಿಲು ಕಂಡರೆ ಮಗು ಬೆವರ್ತಿತ್ತು.

ಡಾಕ್ಟರು ಕಾಗದದ ಮೇಲೆ ಬರೆದು ತೋರಿಸಿದರು. ತೊಡೆಮೂಳೆಯ ತುದಿಯಲ್ಲಿ ಒಂದು ಕಾಲುವೆ, ಚಿಪ್ಪು ಅದರಲ್ಲೇ ಮೇಲೆ ಕೆಳಗೆ ಓಡಾಡಬೇಕು. ಅದು ಹೊರಕ್ಕೆ ಹೋಗದ ಹಾಗೆ ಒಳಮಗ್ಗುಲಿಂದ ಒಂದು ಪಟ್ಟಿ ಹಿಡಿದಿರುತ್ತೆ. ಮೊದಲ ಸಲ ಜಾರಿದಾಗಲೇ ಅದು ಹರಿಯೋದು. ಕೆಲವರಿಗೆ ಕಾಲುವೆಯೇ ಆಳವಿಲ್ಲ, ಕೆಲವರಿಗೆ ಚಿಪ್ಪು ಸ್ವಲ್ಪ ಮೇಲೆ ಕೂತಿರುತ್ತೆ. ಇನ್ನು ಕೆಲವರಿಗೆ ಚಿಪ್ಪಿನ ಸ್ನಾಯುರಜ್ಜು ಮೊಣಕಾಲ ಕೆಳಗಿನ ಮೂಳೆಗೆ ಅಂಟಿರೋ ಜಾಗ ಕಾಲುವೆಯ ನೇರದಿಂದ ಹೊರಗಿರುತ್ತೆ. ಆ ಅಂತರ 20 ಮಿಲಿಮೀಟರ್ ದಾಟಿದ್ರೆ ಆ ಮೂಳೆತುಂಡನ್ನೇ ಕತ್ತರಿಸಿ ಒಳಗೆ ಸರಿಸಿ ಸ್ಕ್ರೂ ಹಾಕೋದನ್ನ ಯೋಚಿಸ್ತಾರೆ. ಅದಕ್ಕೇ ಎಂಆರ್‌ಐ, ಬೇಕಾದರೆ ಸಿಟಿ. ನಮ್ಮವಳಿಗೆ ಪಟ್ಟಿ ಮಾತ್ರ ಕಟ್ಟಬೇಕಾಯ್ತು. ಅವಳ ತೊಡೆಯ ಹಿಂಭಾಗದ್ದೇ ಒಂದು ಸ್ನಾಯುರಜ್ಜು ತೆಗೆದು ಚಿಪ್ಪಿಗೂ ತೊಡೆಮೂಳೆಗೂ ಕಟ್ಟಿದರು.

ಆಪರೇಷನ್ ಎರಡು ಗಂಟೆಯಲ್ಲಿ ಮುಗೀತು. ನಮ್ಮ ಮನೆಯೆಲ್ಲ ಹೆಣಗಾಡಿದ್ದು ಮುಂದಿನ ಒಂಬತ್ತು ತಿಂಗಳು, ಅಕ್ಕಾ. ಮಾರನೇ ದಿನ ಫಿಸಿಯೋ ಮಂಡಿ ಕೆಳಗೆ ಟವೆಲ್ ಸುರುಳಿ ಇಟ್ಟು, "ತೊಡೆ ಬಿಗಿಮಾಡಿ ಇದನ್ನ ಒತ್ತಮ್ಮಾ" ಅಂದ್ರು. ಹುಡುಗಿ ಹಲ್ಲು ಕಚ್ಚಿ ಅಳ್ತಾಳೆ, ತೊಡೆ ಮಿಸುಕೋದೇ ಇಲ್ಲ. ಮಂಡಿ ಊದಿದಾಗ ತೊಡೆಯ ಮುಂಭಾಗದ ಸ್ನಾಯು ಮಂಕಾಗುತ್ತೆ, ಅದನ್ನ ಎಬ್ಬಿಸಬೇಕು ಅಂದ್ರು. ನಾಲ್ಕನೇ ದಿನ ಒಂದು ಸಲ ಅದುರಿತು. ಹಬ್ಬ ಬಂದಷ್ಟು ಸಂತೋಷ ಆಯ್ತು ನನಗೆ.

ನನ್ನ ಬ್ಲೌಸ್ ಹೊಲಿಯೋ ಟೇಪಿನಲ್ಲೇ ಅಳೀತಿದ್ವಿ, ಚಿಪ್ಪಿನಿಂದ 10 ಸೆಂಟಿಮೀಟರ್ ಮೇಲೆ, ಎರಡೂ ತೊಡೆ. ಮೊದಮೊದಲು 3 ಸೆಂಟಿಮೀಟರ್ ವ್ಯತ್ಯಾಸ. ಮೂರನೇ ತಿಂಗಳು ನೋವಿಲ್ಲ, ಕುಂಟೋದಿಲ್ಲ, "ಇನ್ಯಾಕಮ್ಮಾ ವ್ಯಾಯಾಮ" ಅಂದಳು. ಅಳೆದು ನೋಡಿದ್ರೆ ಇನ್ನೂ 2 ಕಡಿಮೆ! ಆಗ ಬಿಟ್ಟಿದ್ರೆ ಪಟ್ಟಿ ಕಟ್ಟಿಸಿಯೂ ಮಂಡಿಗೆ ಬಲ ಬರ್ತಿರಲಿಲ್ಲ. ಕಾಲೆತ್ತೋದು, ಅರ್ಧ ಬಸ್ಕಿ, ಒಂಟಿ ಕಾಲಲ್ಲಿ ಮೆಟ್ಟಿಲಿಳಿಯೋದು, ದಿನಾ ಮುಕ್ಕಾಲು ಗಂಟೆ. ಒಂಟಿ ಕಾಲಲ್ಲಿ ಕುಪ್ಪಳಿಸೋದರಲ್ಲಿ ಎರಡು ಕಾಲೂ ಸಮಸಮ ಆದಮೇಲೇ ಆಟಕ್ಕೆ ಬಿಟ್ಟರು.

ನಿಮ್ಮ ತಂಗಿಗೆ ಹೇಳಿ ಅಕ್ಕಾ, ಎಣ್ಣೆ ಹಚ್ಚಿ ಎಳೆಯೋರ ಹತ್ರ ಹೋಗೋದು ಬೇಡ. ಮೂಳೆ ಡಾಕ್ಟರ ಹತ್ರ ಆ ಅಳತೆಗಳನ್ನೆಲ್ಲ ತೆಗೆಸಲಿ. ಆಪರೇಷನ್ ಅಂದ್ರೆ ಖರ್ಚಿನ ಜೊತೆಗೇ ಫಿಸಿಯೋದು ಎಷ್ಟು ತಿಂಗಳು ಅಂತಾನೂ ಕೇಳ್ಕೊಂಡು ಬರಲಿ. ಸಂಜೆ ಆ ಮಗೂನ ಕರ್ಕೊಂಡು ಬನ್ನಿ, ನಮ್ಮವಳೇ ಟವೆಲ್ ಒತ್ತೋದು ತೋರಿಸ್ತಾಳೆ. ಟೇಪು ಇನ್ನೂ ಅವಳ ಮೇಜಿನ ಮೇಲೇ ಇದೆ.