ದೂರಲು ಯಾರೂ ಇಲ್ಲದ ರಸ್ತೆ

ಬೆಂಗಳೂರಿನಲ್ಲಿ ಸಂಸಾರ ಮಾಡಿದವರಿಗೆ ಟ್ರಾಫಿಕ್ಕು ಮಾಡಿದಷ್ಟು ಉಪಕಾರವನ್ನು ಒಡಹುಟ್ಟಿದವರೂ ಮಾಡಿರಲಾರರು. ಮುಹೂರ್ತ ಮುಗಿದ ಮೇಲೆ ನೆಟ್ಟಗೆ ಊಟದ ಪಂಕ್ತಿಗೇ ಹಾಜರಾಗಿ ‘ಏನ್ ಟ್ರಾಫಿಕ್ಕು ಅಂತೀರಿ!’ ಎಂದರೆ ಸಾಕು, ಬೀಗರೇ ಕೈಹಿಡಿದು ಕೂರಿಸಿ ಎಲೆ ಹಾಕಿಸುತ್ತಾರೆ. ನಾನು ವಾಕಿಂಗ್ ಬಿಟ್ಟದ್ದು ಟ್ರಾಫಿಕ್ಕಿನಿಂದ, ಬಿ.ಪಿ. ಏರಿದ್ದು ಟ್ರಾಫಿಕ್ಕಿನಿಂದ, ನನ್ನ ಸೈಕಲ್ಲು ಅಟ್ಟ ಸೇರಿ ತುಕ್ಕು ಹಿಡಿದದ್ದೂ ಅದರಿಂದಲೇ. ‘ರಸ್ತೆ ಒಂಚೂರು ಖಾಲಿ ಇದ್ದಿದ್ರೆ ಈಗಲೂ ದಿನಾ ಐವತ್ತು ಕಿಲೋಮೀಟರ್ ತುಳೀತಿದ್ದೆ’ ಎಂದು ಬಂಧುಬಳಗದ ನಡುವೆ ಎಷ್ಟೋ ಸಲ ಹೇಳಿದ್ದೇನೆ. ಯಾರಿಂದಲೂ ಪರೀಕ್ಷಿಸಲು ಸಾಧ್ಯವಿಲ್ಲ ಎಂಬುದೇ ಆ ಮಾತಿನ ಸೊಗಸು.

ಪರೀಕ್ಷಿಸಿದವನು ನನ್ನ ಅಳಿಯ. ಮಗಳು, ಅಳಿಯ ಇಬ್ಬರೂ ಫ್ರಾನ್ಸಿನ ಲಿಯಾನ್‌ನಲ್ಲಿ ಕೆಲಸದಲ್ಲಿದ್ದಾರೆ. ಅಲ್ಲಿಗೆ ಹೋದಾಗ ಒಂದು ಸಂಜೆ ಅವನು ಊಟದ ಮೇಜು ಒರೆಸಿ ಅದರ ಮೇಲೆ ದೊಡ್ಡದೊಂದು ನಕ್ಷೆ ಹರಡಿದ. ‘ಮಾವ, ಖಾಲಿ ರಸ್ತೆ ಬೇಕು ಅಂತಿದ್ರಲ್ಲ, ಇಲ್ಲಿದೆ ನೋಡಿ.’

ಟೈರ್ ಮಾಡುವ ಮಿಶಲಿನ್ ಕಂಪನಿಯೇ ಫ್ರಾನ್ಸಿನ ರಸ್ತೆಗಳ ನಕ್ಷೆಯನ್ನೂ ಮಾಡುತ್ತದೆ. ಅದರಲ್ಲಿ ದೊಡ್ಡ ರಸ್ತೆ ಕೆಂಪು, ನಡುವಿನದು ಹಳದಿ, ಯಾರಿಗೂ ಬೇಡದ್ದು ಬಿಳಿ. ನೋಟ ಚೆನ್ನಾಗಿರುವ ಕಡೆ ಪಕ್ಕದಲ್ಲೊಂದು ಹಸಿರು ಅಂಚು. ಬಿಳಿ ರಸ್ತೆಗಳ ಮೇಲೆ ಅಲ್ಲಲ್ಲಿ ಸಣ್ಣ ಬಾಣದ ತಲೆಗಳಿದ್ದವು. ಏಕಮುಖ ಸಂಚಾರವಿರಬೇಕೆಂದುಕೊಂಡು ಸುಮ್ಮನಾದೆ. ಒಂದು ಬಾಣವೆಂದರೆ ನೂರು ಮೀಟರಿಗೆ ಐದರಿಂದ ಒಂಬತ್ತು ಮೀಟರ್ ಏರು, ಎರಡು ಬಾಣವೆಂದರೆ ಒಂಬತ್ತರಿಂದ ಹದಿಮೂರು, ಮೂರಿದ್ದರೆ ಅದಕ್ಕೂ ಮೇಲೆ ಎಂಬುದನ್ನು ನಕ್ಷೆಯ ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ ಅಚ್ಚು ಹಾಕಿರುತ್ತಾರೆ. ಬ್ಯಾಂಕಿನಲ್ಲಿ ಕೆಲಸ ಮಾಡಿದವನಾಗಿ ಹೇಳುತ್ತೇನೆ, ಕಂಟಕವೆಲ್ಲ ಸಣ್ಣ ಅಕ್ಷರದಲ್ಲೇ ಇರುವುದು.

ನಾವು ಹೊರಟದ್ದು ಆರ್ದೆಶ್ ಜಿಲ್ಲೆಗೆ. ಅಲ್ಲಿನ ರಸ್ತೆಗಳು ಏಕೆ ಖಾಲಿ ಎಂಬುದಕ್ಕೆ ಗಟ್ಟಿಯಾದ ಕಾರಣವಿದೆ. ಜಿಲ್ಲೆಯ ಪೂರ್ವದ ಅಂಚಿನಲ್ಲಿ ರೋನ್ ನದಿ ಹರಿಯುತ್ತದೆ. ಉತ್ತರದಿಂದ ಮೆಡಿಟರೇನಿಯನ್ ಕಡಲಿಗೆ ಹೋಗುವ ಲಾರಿ, ಕಾರು, ರೈಲುಗಳೆಲ್ಲ ಆ ಕಣಿವೆ ಹಿಡಿದು ಹೋಗುತ್ತವೆ. ಎ7 ಹೆದ್ದಾರಿಯಂತೂ ಬೇಸಿಗೆಯ ಶನಿವಾರಗಳಲ್ಲಿ ನಮ್ಮ ಸಿಲ್ಕ್ ಬೋರ್ಡ್ ಜಂಕ್ಷನ್ನಿಗೆ ಸರಿಸಾಟಿ. ಅಲ್ಲಿಂದ ಪಶ್ಚಿಮಕ್ಕೆ ತಿರುಗಿದರೆ ಬರೀ ಬೆಟ್ಟ. ಕಾಡು ಸೀಳಿ ನೂರೆಂಟು ತಿರುವು ಸುತ್ತುವ ಕರ್ಮ ಕಾರಿನವರಿಗೇಕೆ? ಹಳ್ಳಿಗಳ ಜನ ತಲೆಮಾರುಗಳಿಂದ ಪಟ್ಟಣ ಸೇರುತ್ತಲೇ ಇದ್ದಾರೆ. ಜನ ಹೋದರೂ ಡಾಂಬರು ಹೋಗಿಲ್ಲ. ನಾಲ್ಕು ಮನೆಯ ಕೇರಿಗೂ ಹಪ್ಪಳ ಒಣಹಾಕಬಹುದಾದಷ್ಟು ನುಣುಪಾದ ರಸ್ತೆ. ಮೌನವನ್ನು ಅಲ್ಲಿ ಕಾವಲು ಕಾಯುವುದು ಏರು. ಅದಕ್ಕೆ ಸುಂಕ ಕಟ್ಟದೆ ಯಾರೂ ಒಳಗೆ ಹೋಗುವಂತಿಲ್ಲ.

ಮೊದಮೊದಲು ಸುಂಕ ಕಡಿಮೆಯೇ ಇತ್ತು. ರೋನ್ ದಂಡೆಯ ಲಾ ವೂಲ್ತ್‌ನಿಂದ ಡೋಲ್ಚೆ ವಿಯಾ ಎಂಬ ಸೈಕಲ್ ದಾರಿ ಬೆಟ್ಟದೊಳಕ್ಕೆ ಹೋಗುತ್ತದೆ. 1968ರಲ್ಲಿ ನಿಂತುಹೋದ ಕಿರುಗೇಜು ರೈಲಿನ ದಾರಿ ಅದು. ಹಳಿ ಕಿತ್ತು ಸುಮಾರು 90 ಕಿಲೋಮೀಟರ್ ಉದ್ದಕ್ಕೆ ಸೈಕಲ್ಲಿನವರಿಗೂ ನಡೆಯುವವರಿಗೂ ಬಿಟ್ಟಿದ್ದಾರೆ. ಕಾರು ಒಳಗೆ ಬರುವಂತೆಯೇ ಇಲ್ಲ. ಉಗಿಬಂಡಿಗೆ ಕಡಿದಾದ ಏರು ಹತ್ತಲಾಗುತ್ತಿರಲಿಲ್ಲವಾದ್ದರಿಂದ ಆ ಕಾಲದ ಎಂಜಿನಿಯರುಗಳು ಗುಡ್ಡ ಕೊರೆದು, ಸೇತುವೆ ಕಟ್ಟಿ, ದಾರಿಯನ್ನು ಹದವಾಗಿ ಏರಿಸಿದ್ದಾರೆ. ಒಂದು ಪಕ್ಕ ಎರಿಯೂ ಹೊಳೆ, ಇನ್ನೊಂದು ಪಕ್ಕ ಚೆಸ್ಟ್‌ನಟ್ ತೋಪು. ‘ನೋಡಿದಿರಾ, ನಾನು ಹೇಳ್ತಿರಲಿಲ್ವೆ?’ ಎಂದು ಅಳಿಯನನ್ನು ಹಿಂದೆ ಹಾಕಿದೆ.

ಸೇಂ ಮಾರ್ತೆಂ ದ ವಾಲಮಾಸ್ ಎಂಬ ಊರಿನಲ್ಲಿ ನಾವು ರೈಲಿನ ಋಣ ಹರಿದುಕೊಂಡು ಬಿಳಿ ರಸ್ತೆಗೆ ತಿರುಗಿದೆವು. ಅಲ್ಲಿಂದ ಜೆರ್ಬಿಯೆ ದ ಜೋಂ ಬೆಟ್ಟದ ಬುಡಕ್ಕೆ 800 ಮೀಟರಿಗೂ ಹೆಚ್ಚು ಏರಬೇಕು. ಬಾಣಗಳ ಅರ್ಥ ತಿಳಿದದ್ದು ಆಗ.

ಖಾಲಿ ರಸ್ತೆಯ ಮೌನವನ್ನು ಹೊಗಳುವವರು ಅದರೊಳಗೆ ಏನೇನು ಕೇಳಿಸುತ್ತದೆ ಎಂಬುದನ್ನು ಬಚ್ಚಿಡುತ್ತಾರೆ. ಮೊದಲು ಕೇಳಿಸಿದ್ದು ಚೈನಿನ ಕಿರಕಿರ. ಅದಕ್ಕೆ ಎಣ್ಣೆ ಬಿಟ್ಟಾದ ಮೇಲೂ ಒಂದು ಲಟಕ್ ಸದ್ದು ಉಳಿಯಿತು. ಪೆಡಲ್ಲಿರಬಹುದೆಂದು ಇಳಿದು ತಿರುಗಿಸಿ ನೋಡಿದೆ, ಸದ್ದಿಲ್ಲ. ಹತ್ತಿ ತುಳಿದೆ, ಲಟಕ್. ನನ್ನ ಎಡ ಮೊಣಕಾಲಿನ ಚಿಪ್ಪು ಅದು. ಇಷ್ಟು ವರ್ಷ ಹಾರನ್ನಿನ ಗಲಾಟೆಯಲ್ಲಿ ಪಾಪ ಅದರ ಅಹವಾಲು ನನ್ನ ಕಿವಿಗೇ ಬಿದ್ದಿರಲಿಲ್ಲ. ಬೇಲಿಯಾಚೆಯ ಹಸುವೊಂದು ಮೆಲುಕು ನಿಲ್ಲಿಸಿ, ನನ್ನ ಏದುಸಿರನ್ನು ಕೊನೆಯವರೆಗೂ ಕೇಳಿ, ಮತ್ತೆ ಮೆಲುಕು ಹಾಕತೊಡಗಿತು.

ಬೈಯೋಣವೆಂದರೆ ಯಾರನ್ನು? ಅಡ್ಡ ಬರುವ ಆಟೋ ಇಲ್ಲ, ಗುಂಡಿ ಇಲ್ಲ, ಅಗೆದುಬಿಟ್ಟ ಚರಂಡಿಯಿಲ್ಲ. ಸೈಕಲ್ಲನ್ನು ಹಿಂದಿಕ್ಕುವಾಗ ಊರಾಚೆ ಒಂದೂವರೆ ಮೀಟರ್ ಬಿಡಬೇಕೆಂದು ಅಲ್ಲಿ ಕಾನೂನಿದೆಯಂತೆ, ಮುರಿಯಲಾದರೂ ಒಂದು ಕಾರು ಬರಬೇಡವೆ? ಉಳಿದವನು ಅಳಿಯ. ಅಳಿಯನನ್ನು ಬೈಯುವ ಪದ್ಧತಿ ನಮ್ಮಲ್ಲಿಲ್ಲ. ಪ್ರತಿ ತಿರುವಿನಲ್ಲೂ ಕಾದು ನಿಂತು ‘ನಿಧಾನಕ್ಕೆ ಬನ್ನಿ ಮಾವ, ಅವಸರ ಏನಿಲ್ಲ’ ಎನ್ನುವವನ ಮೇಲೆ ಸಿಟ್ಟು ಎಷ್ಟೇ ಬರಲಿ, ‘ನೀವು ಹೋಗ್ತಾ ಇರಿ, ಈ ಕಡೆ ನೋಟ ಬಹಳ ಚೆನ್ನಾಗಿದೆ’ ಎನ್ನುವುದೊಂದೇ ನನಗಿದ್ದ ದಾರಿ. ಆರ್. ಎಲ್. ಸ್ಟೀವನ್ಸನ್ 1878ರಲ್ಲಿ ಇದೇ ಸೀಮೆಯ ಪಕ್ಕದಿಂದ ಹೊರಟು ಸೆವೆನ್ ಬೆಟ್ಟಗಳನ್ನು ದಾಟಿ ಪುಸ್ತಕ ಬರೆದ. ಅವನ ಜೊತೆಗಿದ್ದದ್ದು ಮೊದೆಸ್ತಿನ್ ಎಂಬ ಕತ್ತೆ. ದಾರಿಯುದ್ದಕ್ಕೂ ಅದನ್ನು ಬೈದುಕೊಂಡೇ ಹೋದ. ಪುಣ್ಯವಂತ.

ಸರಿಯಾಗಿ ಹನ್ನೆರಡಕ್ಕೆ ಒಂದು ಹಳ್ಳಿ ಮುಟ್ಟಿದೆವು. ಇದ್ದ ಒಂದೇ ಅಂಗಡಿಯ ಬಾಗಿಲು ನಮ್ಮ ಮುಖದ ಮೇಲೇ ಮುಚ್ಚಿತು. ಹನ್ನೆರಡರಿಂದ ಎರಡರವರೆಗೆ ಅಲ್ಲಿನ ಹಳ್ಳಿಗಾಡಿನಲ್ಲಿ ಊಟ ನಡೆಯುತ್ತದೆ, ಬೇರೇನೂ ನಡೆಯುವುದಿಲ್ಲ. ಬಾಟಲಿಯಲ್ಲಿ ಹನಿ ನೀರಿರಲಿಲ್ಲ. ‘ಬನ್ನಿ ಮಾವ’ ಎಂದು ಅಳಿಯ ನನ್ನನ್ನು ಕರೆದೊಯ್ದದ್ದು ಊರಿನ ಸ್ಮಶಾನಕ್ಕೆ. ಹೆಣ್ಣು ಕೊಟ್ಟ ಮಾವನಿಗೆ ಇಷ್ಟು ಬೇಗ ಇದನ್ನು ತೋರಿಸಬಾರದಿತ್ತು. ಆದರೆ ಗೋರಿಗಳ ಹೂಗಿಡಕ್ಕೆಂದು ಅಲ್ಲಿನ ಸ್ಮಶಾನಗಳಲ್ಲಿ ನಲ್ಲಿ ಇರುತ್ತದೆ. ‘ಕುಡಿಯುವುದಕ್ಕಲ್ಲ’ ಎಂಬ ಬೋರ್ಡಿಲ್ಲದಿದ್ದರೆ ಸೈಕಲ್ ಯಾತ್ರಿಕರೆಲ್ಲ ತುಂಬಿಸಿಕೊಳ್ಳುವುದು ಅಲ್ಲೇ. ಹಿತ್ತಾಳೆ ನಲ್ಲಿಯ ಕೆಳಗೆ ಹಸಿರು ಹೂಕೊಡ, ಪಕ್ಕದಲ್ಲೇ ನೆರಳು, ಕೂರಲು ಕಟ್ಟೆ. ಗೋರಿಕಲ್ಲುಗಳ ಮೇಲಿನ ಇಸವಿ ಕಳೆದು ನೋಡಿದೆ. ಹೆಚ್ಚಿನವರು ತೊಂಬತ್ತರ ಹತ್ತಿರ ಬಾಳಿದವರು. ಈ ಏರುಗಳನ್ನು ಹತ್ತಿಯೋ, ಅವುಗಳ ತಂಟೆಗೆ ಹೋಗದೆಯೋ ಎಂಬುದನ್ನು ಕಲ್ಲಿನ ಮೇಲೆ ಬರೆದಿರಲಿಲ್ಲ.

ನೀರು ಕುಡಿಯುತ್ತ ಅಳಿಯ ವೆಲೋಸಿಯೊನ ಕತೆ ಹೇಳಿದ. ನಿಜವಾದ ಹೆಸರು ಪೋಲ್ ದ ವಿವಿ, ಕಾಲ 1853ರಿಂದ 1930. ಉತ್ತರಕ್ಕಿರುವ ಸೇಂತ್ ಎತಿಯೆನ್ ಪಟ್ಟಣದಲ್ಲಿದ್ದುಕೊಂಡು ಸೈಕಲ್ಲಿಗಾಗಿಯೇ ಪತ್ರಿಕೆ ನಡೆಸಿದ, ಏರಿಗೆ ಗೇರು ಬೇಕೇಬೇಕೆಂದು ಜೀವಮಾನವಿಡೀ ವಾದಿಸಿದ. ಟೂರ್ ದ ಫ್ರಾನ್ಸ್ ನಡೆಸುತ್ತಿದ್ದ ದೆಗ್ರಾಂಜ್ ಮಾತ್ರ ಗೇರು ನಲವತ್ತೈದು ದಾಟಿದವರಿಗೆಂದು ಹಂಗಿಸಿ, ತನ್ನ ಸ್ಪರ್ಧೆಯೊಳಗೆ ಸೇರಿಸಲೇ ಇಲ್ಲ. ಅಲ್ಲಿ ಸ್ಪರ್ಧಿಗಳಿಗೆ ಗೇರು ಬದಲಿಸುವ ಡಿರೇಲರ್ ಸಿಕ್ಕಿದ್ದು 1937ರಲ್ಲಿ. ನಲವತ್ತೈದನ್ನು ಎಂದೋ ದಾಟಿದ ನಾನು ಆ ಕ್ಷಣವೇ ವೆಲೋಸಿಯೊನ ಪಕ್ಷ ಸೇರಿದೆ. ಅವನು ಸೈಕಲ್ ಯಾತ್ರಿಕರಿಗೆ ಏಳು ನಿಯಮ ಬರೆದಿಟ್ಟಿದ್ದಾನೆ. ಹಸಿವಿಗೆ ಮೊದಲೇ ತಿನ್ನಬೇಕು, ಬಾಯಾರುವ ಮೊದಲೇ ಕುಡಿಯಬೇಕು, ದಾರಿಯಲ್ಲಿ ಮಾಂಸ, ಮದ್ಯ, ಹೊಗೆಸೊಪ್ಪು ಮುಟ್ಟಬಾರದು. ಈ ಕೊನೆಯದನ್ನು ನಾನು ಸೈಕಲ್ ಕಲಿಯುವ ಮೊದಲಿನಿಂದಲೂ ಪಾಲಿಸುತ್ತ ಬಂದಿದ್ದೇನೆ. ಏಳನೆಯದು ಎಲ್ಲಕ್ಕಿಂತ ಕಷ್ಟದ್ದು: ಬರೀ ಜಂಭಕ್ಕಾಗಿ ಪೆಡಲ್ ತುಳಿಯಬಾರದು.

ಸಂಜೆಯ ಹೊತ್ತಿಗೆ 1551 ಮೀಟರ್ ಎತ್ತರದ ಜೆರ್ಬಿಯೆಯ ಬುಡ ತಲುಪಿದೆವು. ಫ್ರಾನ್ಸಿನ ಅತಿ ಉದ್ದದ ನದಿ ಲ್ವಾರ್ ಹುಟ್ಟುವುದು ಇಲ್ಲಿ. ಮೆಡಿಟರೇನಿಯನ್ ಇಷ್ಟು ಹತ್ತಿರವಿದ್ದರೂ ಆ ಕಡೆ ಮುಖ ಹಾಕದೆ, ಸಾವಿರ ಕಿಲೋಮೀಟರ್ ಹರಿದು ಅಟ್ಲಾಂಟಿಕ್ ಸೇರುತ್ತದೆ. ತಲಕಾವೇರಿ ನೋಡಿದ ಕಣ್ಣಿಗೆ ಒಂದು ಕುಂಡಿಕೆ, ಒಂದು ಗಂಟೆ, ಒಬ್ಬ ಭಟ್ಟರು ಸಿಗುತ್ತಾರೇನೋ ಎಂದು ಹುಡುಕಿದೆ. ಭಟ್ಟರಿರಲಿಲ್ಲ, ಉಗಮ ಮಾತ್ರ ಮೂರಿದ್ದವು. ಒಂದು ‘ಭೌಗೋಳಿಕ ಉಗಮ’, ಇನ್ನೊಂದು ‘ನಿಜವಾದ ಉಗಮ’, ಮತ್ತೊಂದು ‘ಅಸಲಿ ಉಗಮ’. ಒಂದೊಂದಕ್ಕೂ ಬೇರೆ ಬೇರೆ ಬೋರ್ಡು. ದಾಯಾದಿಗಳಿಲ್ಲದ ಊರು ಭೂಮಿಯ ಮೇಲಿಲ್ಲ ಎಂದು ಸಮಾಧಾನವಾಯಿತು. ಯಾರ ಮನಸ್ಸೂ ನೋಯದಿರಲೆಂದು ಮೂರರಲ್ಲೂ ಕೈ ತೊಳೆದುಕೊಂಡೆ.

ಕೊನೆಯ ತಿರುವುಗಳ ಸಂಗತಿಯೊಂದನ್ನು ಹೇಳಲೇಬೇಕು. ಅಲ್ಲಿ ನಾವಿಬ್ಬರೂ ಸೈಕಲ್ ತಳ್ಳಿಕೊಂಡು ನಡೆಯುತ್ತಿದ್ದೆವು. ಹೌದು, ಅಳಿಯನೂ. ಯಾರಿಗೂ ಸಂಕೋಚವಿರಲಿಲ್ಲ, ಅವನು ಹಳೆಯ ಹಾಡೊಂದನ್ನು ಗುನುಗುತ್ತಿದ್ದ. ಅಷ್ಟರಲ್ಲಿ ಕೆಳಗೆಲ್ಲೋ ಎಂಜಿನ್ ಸದ್ದು. ಒಬ್ಬರ ಮುಖ ಒಬ್ಬರು ನೋಡಲೂ ಇಲ್ಲ, ಇಬ್ಬರೂ ಒಮ್ಮೆಗೇ ಸೀಟಿಗೆ ಹಾರಿದೆವು. ಅಂಚೆ ಇಲಾಖೆಯ ಹಳದಿ ವ್ಯಾನು ಮೆಲ್ಲಗೆ ಪಕ್ಕಕ್ಕೆ ಬಂತು. ಒಳಗಿದ್ದ ಹೆಂಗಸು ಹೆಬ್ಬೆರಳೆತ್ತಿ ಶಹಬ್ಬಾಸ್ ಹೇಳಿದಳು. ಉಸಿರು ಬಿಗಿಹಿಡಿದು ನಕ್ಕೆವು. ವ್ಯಾನು ತಿರುವಿನಲ್ಲಿ ಮರೆಯಾದದ್ದೇ ತಡ, ಇಬ್ಬರೂ ಇಳಿದೆವು.

ಏಳನೆಯ ನಿಯಮದ ಮರ್ಮ ನನಗೆ ಹೊಳೆದದ್ದು ಆಗಲೇ. ಜಂಭಕ್ಕೆ ನೋಡುವವರು ಬೇಕು. ದೂರಲು ಯಾರೂ ಸಿಗದ ರಸ್ತೆಯಲ್ಲಿ ಮೆರೆಯಲೂ ಯಾರೂ ಸಿಗುವುದಿಲ್ಲ, ಆದ್ದರಿಂದ ಅಲ್ಲಿ ಮೊಣಕಾಲು ಹೇಳಿದಂತೆ ಕೇಳಿಕೊಂಡು ಹಾಯಾಗಿ ಇರಬಹುದು. ಮುಂದಿನ ಸಲ ಪಕ್ಕದ ಲೊಝೇರ್ ಜಿಲ್ಲೆಗೆ ಹೋಗೋಣವೆಂದು ಅಳಿಯನಿಗೆ ನಾನೇ ಹೇಳಿದ್ದೇನೆ. ಅಲ್ಲಿ ಚದರ ಕಿಲೋಮೀಟರಿಗೆ ಇರುವುದೇ ಸುಮಾರು 15 ಜನ. ಅಲ್ಲಿಗೆ ಟಪಾಲು ಎಷ್ಟು ಗಂಟೆಗೆ ಬರುತ್ತದೆ ಎಂಬುದನ್ನು ಮಾತ್ರ ಮೊದಲೇ ವಿಚಾರಿಸಿಟ್ಟಿರಿ ಎಂದಿದ್ದೇನೆ.